ಔಷಧಿ ಇಲ್ಲದ ಸೂಜಿ: ಡ್ರೈ ನೀಡ್ಲಿಂಗ್ ಅಂದರೇನು, ಅದು ಎಷ್ಟು ಕೆಲಸ ಮಾಡುತ್ತದೆ?

ಅಡಿಕೆ ಕೊಯ್ಲು ಶುರುವಾದರೆ ನಮ್ಮ ಮಲೆನಾಡಿನ ಕಡೆ ಫಿಸಿಯೋಥೆರಪಿ ಕ್ಲಿನಿಕ್‌ಗೆ ಒಂದೇ ಥರದ ನೋವು ಹೇಳಿಕೊಂಡು ಬರುವವರು ಜಾಸ್ತಿಯಾಗುತ್ತಾರೆ. ಮೆಟ್ಟುಗತ್ತಿಯ ಮುಂದೆ ಕೂತು ದಿನವಿಡೀ ಅಡಿಕೆ ಸುಲಿಯುವ ಹೆಂಗಸರು ಅವರು. ಎರಡೂ ಕೈಯಲ್ಲಿ ಕಾಯಿ ಹಿಡಿಯಬೇಕು, ಕತ್ತಿಗೆ ಒತ್ತಬೇಕು, ತಿರುಗಿಸಬೇಕು. ಸುಲಿದಷ್ಟಕ್ಕೇ ಕೂಲಿ. ಹಾಗಾಗಿ ನಡುವೆ ಎದ್ದು ಮೈ ಮುರಿಯುವವರು ಕಡಿಮೆ.

ಹೋದ ಸೀಸನ್‌ನಲ್ಲಿ ಬಂದ ಒಬ್ಬರು ಎಡ ಭುಜದ ಮುಂಭಾಗವನ್ನು ಬಲಗೈಯಲ್ಲಿ ಅದುಮಿ ಹಿಡಿದುಕೊಂಡೇ ಒಳಗೆ ಬಂದರು. "ನರ ಹಿಡ್ಕೊಂಡಿದೆ ಮೇಡಂ, ಇಲ್ಲಿಂದ ಹೆಬ್ಬೆರಳ ತನಕ ಸೆಳೀತದೆ" ಅಂದರು. ಎಡಗೈ ಸೆಳೆತ ಅಂತ ಹೆದರಿ ಮನೆಯವರು ಮೊದಲು ಇಸಿಜಿ ಮಾಡಿಸಿದ್ದರು. ಒಳ್ಳೆಯ ಕೆಲಸ ಮಾಡಿದ್ದರು. ಹೃದಯದಲ್ಲಿ ಏನೂ ತೊಂದರೆ ಇಲ್ಲ ಅಂತ ಡಾಕ್ಟರು ನೋಡಿ ಹೇಳಿದ ಮೇಲೆಯೇ ಅವರು ನನ್ನ ಹತ್ತಿರ ಬಂದದ್ದು.

ಅವರು ತೋರಿಸಿದ ಜಾಗವನ್ನು ಒತ್ತಿ ನೋಡಿದೆ. ಅಂಥ ನೋವೇನೂ ಇರಲಿಲ್ಲ. ಹಿಂದಕ್ಕೆ ಹೋಗಿ, ಬೆನ್ನಿನ ಮೇಲೆ ರೆಕ್ಕೆಯ ಥರ ಇರುವ ಹೆಗಲ ಮೂಳೆಯ ಮೇಲೆ ಬೆರಳು ಆಡಿಸಿದೆ. ಅಲ್ಲಿ ಚರ್ಮದ ಕೆಳಗೆ ವೀಣೆಯ ತಂತಿಯ ಹಾಗೆ ಬಿಗಿದ ಒಂದು ಎಳೆ. ಆ ಎಳೆಯಲ್ಲಿ ಹೆಸರುಕಾಳಿನಷ್ಟು ಒಂದು ಗಂಟು. ಅದನ್ನು ಒತ್ತಿದ ಕೂಡಲೇ ಅವರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು. "ಅಯ್ಯೋ, ಇದೇ! ಮುಂದಕ್ಕೆ ಹೋಯ್ತು ನೋಡಿ, ಕೈಗೆ ಇಳೀತಿದೆ!"

ಒತ್ತಿದ್ದು ಬೆನ್ನಲ್ಲಿ. ನೋವು ಬಂದದ್ದು ಭುಜದ ಮುಂದೆ, ಹೆಬ್ಬೆರಳಲ್ಲಿ. ಡ್ರೈ ನೀಡ್ಲಿಂಗ್ ಅಂದರೆ ಇಂಥ ಗಂಟಿಗೆ ಔಷಧಿ ತುಂಬದ ಸೂಜಿ ಚುಚ್ಚುವುದು. ಅದು ಅರ್ಥ ಆಗಬೇಕಾದರೆ ಮೊದಲು ಈ ವಿಚಿತ್ರ ಅರ್ಥ ಆಗಬೇಕು. ಸೂಜಿ ಆಮೇಲಿನ ಮಾತು.

ನರ ಅಲ್ಲ, ಮಾಂಸಖಂಡ

ನಮ್ಮ ಮಾತಿನಲ್ಲಿ ಇಂಥ ನೋವಿಗೆಲ್ಲ "ನರ ಹಿಡಿದಿದೆ" ಅಥವಾ "ವಾಯು ಹಿಡಿದಿದೆ" ಅನ್ನುತ್ತೇವೆ. ಬಹಳ ಸಲ ಹಿಡಿದಿರುವುದು ನರ ಅಲ್ಲ, ಮಾಂಸಖಂಡ. ಆ ಹೆಂಗಸಿನ ಹೆಗಲ ಮೂಳೆಯ ಮೇಲಿದ್ದ ಖಂಡದ ಹೆಸರು ಇನ್‌ಫ್ರಾಸ್ಪೈನೇಟಸ್. ತೋಳನ್ನು ಹೊರಕ್ಕೆ ತಿರುಗಿಸುವುದು ಅದರ ಕೆಲಸ. ಅದರಲ್ಲಿ ಗಂಟು ಬಿದ್ದರೆ ನೋವು ಭುಜದ ಮುಂಭಾಗಕ್ಕೆ ಬರುತ್ತದೆ, ತೋಳಿನ ಹೊರಮೈಯಲ್ಲಿ ಇಳಿದು ಹೆಬ್ಬೆರಳ ಕಡೆ ಹೋಗುತ್ತದೆ. ಕತ್ತಿನಿಂದ ಭುಜಕ್ಕೆ ಇಳಿಯುವ ಟ್ರಪೀಜಿಯಸ್‌ನ ಗಂಟು ಕಿವಿಯ ಹಿಂದಿನಿಂದ ಹತ್ತಿ ಕಣತಲೆಗೆ ನೋವು ಕೊಡುತ್ತದೆ. ಎಷ್ಟೋ ಜನ ಅದನ್ನು ಕನ್ನಡಕದ ನಂಬರ್ ಬದಲಾಗಿದೆ ಅಂದುಕೊಳ್ಳುತ್ತಾರೆ. ಕುಂಡೆಯ ಆಳದಲ್ಲಿರುವ ಗ್ಲೂಟಿಯಸ್ ಮಿನಿಮಸ್‌ನ ಗಂಟು ಕಾಲಿನುದ್ದಕ್ಕೂ ಇಳಿಯುವ ನೋವು ಕೊಟ್ಟು, ಕಾಲಿನ ದೊಡ್ಡ ನರದ ತೊಂದರೆಯಾದ ಸಯಾಟಿಕಾ ಅನ್ನಿಸಿಬಿಡುತ್ತದೆ.

ಹೀಗೆ ನೋವು ಊರು ಬಿಟ್ಟು ಊರಿಗೆ ಹೋಗುವುದು ಯಾಕೆ? ಹಳೆಯ ವಠಾರವೊಂದನ್ನು ನೆನಪಿಸಿಕೊಳ್ಳಿ. ಐದಾರು ಮನೆ, ಎಲ್ಲಕ್ಕೂ ಸೇರಿ ಒಂದೇ ಕರೆಗಂಟೆ. ಗಂಟೆ ಬಾರಿಸಿತು ಅಂತ ಗೊತ್ತಾಗುತ್ತದೆ, ಯಾರ ಮನೆಗೆ ಬಂದವರು ಅಂತ ಗೊತ್ತಾಗುವುದಿಲ್ಲ. ಬೆನ್ನುಹುರಿಯಲ್ಲೂ ಹಾಗೆಯೇ. ಹೆಗಲ ಹಿಂದಿನ ಖಂಡದಿಂದ ಬರುವ ನರದ ಎಳೆಗಳೂ ಭುಜದ ಮುಂಭಾಗ ಮತ್ತು ತೋಳಿನಿಂದ ಬರುವ ಎಳೆಗಳೂ ಹತ್ತಿರ ಹತ್ತಿರವೇ ಬಂದು ಒಂದೇ ನರಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಮೆದುಳು ಅಂದಾಜಿನ ಮೇಲೆ ಮನೆ ಆರಿಸುತ್ತದೆ. ಒಮ್ಮೊಮ್ಮೆ ತಪ್ಪು ಮನೆ ಆರಿಸುತ್ತದೆ.

ಈ ಗಂಟಿಗೆ ಟ್ರಿಗರ್ ಪಾಯಿಂಟ್ ಅನ್ನುತ್ತಾರೆ. ಸುಮ್ನೆ ಕೂತಾಗಲೂ ನೋವು ಕೊಡುವುದು ಒಂದು ಬಗೆ. ಒತ್ತಿದರೆ ಮಾತ್ರ ನೋಯುವುದು ಇನ್ನೊಂದು. ಎರಡನೆಯದು ನಮ್ಮಲ್ಲಿ ಹೆಚ್ಚಿನವರಿಗೆ ಇದ್ದೇ ಇರುತ್ತದೆ. ಅದಕ್ಕೆ ಚಿಕಿತ್ಸೆ ಬೇಕಾಗಿಲ್ಲ.

ಗಂಟು ಹೇಗೆ ಬೀಳುತ್ತದೆ? ಹೆಚ್ಚು ಜನ ಒಪ್ಪುವ ವಿವರಣೆ ಹೀಗಿದೆ. ನರವು ಮಾಂಸಖಂಡಕ್ಕೆ ತಾಗುವ ಜಾಗದಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಸಿಕ್ಕಾಗ ಖಂಡದ ಎಳೆಯೊಳಗೆ ಕ್ಯಾಲ್ಸಿಯಂ ಹರಿಯುತ್ತದೆ, ಎಳೆ ಕುಗ್ಗುತ್ತದೆ. ಕೆಲಸ ಮುಗಿದ ಮೇಲೆ ಕ್ಯಾಲ್ಸಿಯಂ ವಾಪಸ್ ಹೋಗಬೇಕು, ಎಳೆ ಸಡಿಲವಾಗಬೇಕು. ಹೀಗೆ ಸಡಿಲವಾಗುವುದಕ್ಕೂ ಶಕ್ತಿ ಬೇಕು. ಈ ಮಾತು ಹೇಳಿದರೆ ಬಹಳ ಜನಕ್ಕೆ ಆಶ್ಚರ್ಯ. ಬಿಗಿಯಲು ಶಕ್ತಿ ಬೇಕು, ಬಿಡಲು ಯಾಕೆ ಅಂತ ಕೇಳುತ್ತಾರೆ. ಸತ್ತ ದೇಹ ಕೆಲವು ಗಂಟೆಗಳಲ್ಲಿ ಕೊರಡಿನ ಹಾಗೆ ಸೆಟೆದುಕೊಳ್ಳುತ್ತದಲ್ವಾ? ಜೀವಕೋಶದ ಇಂಧನವಾದ ಎಟಿಪಿ ಮುಗಿದು, ಬಿಗಿದ ಎಳೆಗಳು ಕಳಚಿಕೊಳ್ಳಲಾಗದೆ ಉಳಿಯುವುದರಿಂದ ಹಾಗಾಗುತ್ತದೆ.

ಅದೇ ಕಥೆ ಸಣ್ಣ ಪ್ರಮಾಣದಲ್ಲಿ, ಬದುಕಿರುವ ಖಂಡದ ಒಂದು ಮೂಲೆಯಲ್ಲಿ ನಡೆಯುತ್ತದೆ ಅಂದುಕೊಳ್ಳಿ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂತಾಗ ಕೆಲವು ಎಳೆಗಳು ಬಿಗಿದೇ ಇರುತ್ತವೆ. ಬಿಗಿದ ಎಳೆಗಳು ಪಕ್ಕದ ಸಣ್ಣ ರಕ್ತನಾಳಗಳನ್ನು ಹಿಸುಕುತ್ತವೆ. ರಕ್ತ ಕಡಿಮೆಯಾದರೆ ಆಮ್ಲಜನಕ ಕಡಿಮೆ, ಎಟಿಪಿ ಕಡಿಮೆ. ಎಟಿಪಿ ಇಲ್ಲದೆ ಎಳೆ ಸಡಿಲವಾಗುವುದಿಲ್ಲ. ಸಡಿಲವಾಗದೆ ರಕ್ತ ಬರುವುದಿಲ್ಲ. ಈ ಸುಳಿಯಲ್ಲಿ ಸಿಕ್ಕ ಜಾಗದಲ್ಲಿ ನೋವಿನ ನರತುದಿಗಳನ್ನು ಕೆರಳಿಸುವ ರಾಸಾಯನಿಕಗಳು ಸೇರಿಕೊಳ್ಳುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೇ ಷಾ ಮತ್ತು ಅವರ ಜೊತೆಗಾರರು 2005ರಲ್ಲಿ ಬಹಳ ಸೂಕ್ಷ್ಮವಾದ ಸೂಜಿಯಿಂದ ಇಂಥ ಗಂಟಿನೊಳಗಿನ ದ್ರವವನ್ನು ತೆಗೆದು ಪರೀಕ್ಷಿಸಿದರು. ನೋವಿರುವ ಗಂಟಿನಲ್ಲಿ ಆಮ್ಲೀಯತೆ ಜಾಸ್ತಿ ಇತ್ತು. ಬ್ರಾಡಿಕೈನಿನ್, ಸಬ್‌ಸ್ಟೆನ್ಸ್ ಪಿ ಮೊದಲಾದ ನೋವಿನ ರಾಸಾಯನಿಕಗಳೂ ಜಾಸ್ತಿ ಇದ್ದವು. ಆದರೆ ಪರೀಕ್ಷೆಗೆ ಒಳಗಾದವರು ಕೆಲವೇ ಜನ.

ಈ ವಿವರಣೆಯನ್ನು ಎಲ್ಲರೂ ಒಪ್ಪಿಲ್ಲ. ಜಾನ್ ಕ್ವಿಂಟ್ನರ್, ಜೆಫ್ರಿ ಬೋವ್, ಮಿಲ್ಟನ್ ಕೋಹೆನ್ ಎಂಬ ಮೂವರು 2015ರಲ್ಲಿ ಟ್ರಿಗರ್ ಪಾಯಿಂಟ್ ಸಿದ್ಧಾಂತವನ್ನೇ ಪ್ರಶ್ನಿಸಿ ಬರೆದರು. ಒಬ್ಬರು ಬೆರಳಿಟ್ಟು ಗುರುತಿಸಿದ ಗಂಟನ್ನು ಇನ್ನೊಬ್ಬರು ಅದೇ ಜಾಗದಲ್ಲಿ ಗುರುತಿಸುವುದು ಕಷ್ಟ ಅನ್ನುವುದು ಹಳೆಯ ಆಕ್ಷೇಪ, ಅದರಲ್ಲಿ ನಿಜ ಇದೆ. ನನ್ನ ಬೆರಳಿನ ಕೆಳಗೆ ಬಿಗಿದ ಎಳೆ ಸಿಗುವುದು ನಿಜ, ಅದನ್ನು ಒತ್ತಿದರೆ ರೋಗಿಗೆ ತನ್ನದೇ ನೋವು ಗುರುತು ಸಿಗುವುದೂ ನಿಜ. ಒಳಗೆ ನಡೆಯುತ್ತಿರುವುದು ಇಷ್ಟೇ, ಹೀಗೇ ಅಂತ ಆಣೆ ಇಟ್ಟು ಹೇಳಲು ಮಾತ್ರ ನನಗೆ ಧೈರ್ಯ ಇಲ್ಲ.

ಔಷಧಿ ಬಿಟ್ಟರೂ ನೋವು ಹೋಯಿತು

ಟ್ರಿಗರ್ ಪಾಯಿಂಟ್ ಅನ್ನುವ ಮಾತನ್ನು ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಬೆನ್ನುನೋವಿನಿಂದ ಒದ್ದಾಡುತ್ತಿದ್ದ ಜಾನ್ ಎಫ್. ಕೆನಡಿ ಸೆನೆಟರ್ ಆಗಿದ್ದಾಗಲೇ ಅವರ ಹತ್ತಿರ ಹೋಗಿದ್ದರು. 1961ರಲ್ಲಿ ಅಧ್ಯಕ್ಷರಾದ ಮೇಲೆ ಅವರನ್ನೇ ತಮ್ಮ ವೈದ್ಯೆಯಾಗಿ ನೇಮಿಸಿಕೊಂಡರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಆಕೆ. ಗಂಟಿನೊಳಗೆ ಮರಗಟ್ಟಿಸುವ ಔಷಧಿ ಚುಚ್ಚುವುದು ಟ್ರಾವೆಲ್ ಅವರ ವಿಧಾನವಾಗಿತ್ತು.

ಚುಚ್ಚಿದ ಔಷಧಿಯಿಂದ ನೋವು ಹೋಗುತ್ತಿದೆಯೋ, ಚುಚ್ಚಿದ್ದರಿಂದಲೇ ಹೋಗುತ್ತಿದೆಯೋ? ಝೆಕ್ ವೈದ್ಯ ಕರೆಲ್ ಲೆವಿಟ್ 1979ರಲ್ಲಿ ಇದಕ್ಕೆ ಉತ್ತರ ಕೊಟ್ಟರು. 241 ರೋಗಿಗಳ 312 ನೋವಿನ ಜಾಗಗಳಿಗೆ ಏನೂ ತುಂಬದ ಸೂಜಿ ಚುಚ್ಚಿ ನೋಡಿದರು. ಶೇ 86.8ರಷ್ಟು ಕಡೆ ನೋವು ಆ ಕ್ಷಣಕ್ಕೆ ಇಳಿದಿತ್ತು. ಸೂಜಿ ಸರಿಯಾಗಿ ಆ ಅತಿ ನೋಯುವ ಬಿಂದುವಿಗೆ ತಾಗಬೇಕು, ಅದೇ ಮುಖ್ಯ ಅಂದರು ಲೆವಿಟ್. ಹೋಲಿಸಿ ನೋಡಲು ಸೂಜಿ ಚುಚ್ಚಿಸಿಕೊಳ್ಳದ ಇನ್ನೊಂದು ಗುಂಪು ಅವರ ಬಳಿ ಇರಲಿಲ್ಲ. ಹಾಗಾಗಿ ಇವತ್ತಿನ ಅಳತೆಯಲ್ಲಿ ಅದು ಗಟ್ಟಿ ಪುರಾವೆ ಅಲ್ಲ. ಆದರೂ ಔಷಧಿ ಇಲ್ಲದ "ಒಣ" ಸೂಜಿಯ ದಾರಿ ತೆರೆದದ್ದು ಅಲ್ಲಿಂದಲೇ.

ಇಂಗ್ಲೆಂಡಿನ ಪೀಟರ್ ಬಾಲ್ಡ್ರಿ ಅವರದು ಇನ್ನೊಂದು ಸಂಗತಿ. 1980ರ ದಶಕದ ಶುರುವಿನಲ್ಲಿ ಅವರ ಹತ್ತಿರ ತೋಳು ನೋವಿನ ರೋಗಿಯೊಬ್ಬರು ಬಂದರು. ಗಂಟು ಇದ್ದದ್ದು ಕತ್ತಿನ ಮುಂಭಾಗದ ಸ್ಕೇಲೀನ್ ಖಂಡದಲ್ಲಿ. ಅದರ ಹತ್ತಿರವೇ ಶ್ವಾಸಕೋಶದ ತುದಿ. ಆಳಕ್ಕೆ ಚುಚ್ಚಲು ಬಾಲ್ಡ್ರಿಗೆ ಭಯ ಆಯಿತು. ಚರ್ಮದ ಕೆಳಗೆ ಸ್ವಲ್ಪವೇ ಇಳಿಸಿ ನಿಲ್ಲಿಸಿದರು. ನೋವು ಅಷ್ಟಕ್ಕೇ ಕಡಿಮೆಯಾಯಿತು. ಮೇಲ್ಪದರದ ಡ್ರೈ ನೀಡ್ಲಿಂಗ್ ಅನ್ನುವ ಬಗೆ ಹುಟ್ಟಿದ್ದು ಹೀಗೆ. ಭಯಪಟ್ಟ ವೈದ್ಯರೊಬ್ಬರ ಎಚ್ಚರಿಕೆ ಒಂದು ವಿಧಾನವೇ ಆಯಿತು ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ.

"ಇದು ಅಕ್ಯುಪಂಕ್ಚರ್ ಅಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಸೂಜಿ ಒಂದೇ, ಯೋಚನೆ ಬೇರೆ. ಅಕ್ಯುಪಂಕ್ಚರ್ ಚೀನಾದ ಹಳೆಯ ವೈದ್ಯಪದ್ಧತಿ. ದೇಹದಲ್ಲಿ ಚೈತನ್ಯ ಹರಿಯುವ ನಿಗದಿತ ದಾರಿಗಳಿವೆ ಅಂತ ನಂಬಿ, ಆ ದಾರಿಯ ಬಿಂದುಗಳಿಗೆ ಚುಚ್ಚುತ್ತಾರೆ. ಡ್ರೈ ನೀಡ್ಲಿಂಗ್‌ನಲ್ಲಿ ಬೆರಳಿಗೆ ಸಿಕ್ಕ ಗಂಟೇ ಬಿಂದು. ಅದು ನಿಮ್ಮಲ್ಲಿ ಒಂದು ಕಡೆ, ನನ್ನಲ್ಲಿ ಇನ್ನೊಂದು ಕಡೆ.

ಚುಚ್ಚಿದಾಗ ಏನಾಗುತ್ತದೆ

ಈ ಸೂಜಿ ಇಂಜೆಕ್ಷನ್ ಸೂಜಿಯ ಹಾಗೆ ಟೊಳ್ಳಲ್ಲ. ಗಟ್ಟಿ ತಂತಿಯಂಥದ್ದು, ಹೆಚ್ಚಾಗಿ 0.25ರಿಂದ 0.30 ಮಿಲಿಮೀಟರ್ ದಪ್ಪ. ಸಾಮಾನ್ಯ ಇಂಜೆಕ್ಷನ್ ಸೂಜಿಯ ಅರ್ಧದಷ್ಟೂ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಕೊಳವೆಯನ್ನು ಚರ್ಮದ ಮೇಲಿಟ್ಟು, ಅದರೊಳಗಿನ ಸೂಜಿಯ ತಲೆಗೆ ಬೆರಳಿಂದ ಟಕ್ ಅಂತ ತಟ್ಟಿದರೆ ಅದು ಚರ್ಮ ದಾಟುತ್ತದೆ. ಅಷ್ಟು ಹೊತ್ತಿಗೆ ಹೆಚ್ಚಿನವರು "ಚುಚ್ಚಿದ್ರಾ?" ಅಂತ ಕೇಳುತ್ತಿರುತ್ತಾರೆ.

ಆಮೇಲೆ ನಿಧಾನವಾಗಿ ಗಂಟಿನ ಕಡೆಗೆ. ಅಡಿಕೆ ಸುಲಿಯುವ ಆ ಹೆಂಗಸನ್ನು ಬೋರಲು ಮಲಗಿಸಿದ್ದೆ. ಇನ್‌ಫ್ರಾಸ್ಪೈನೇಟಸ್‌ನ ಕೆಳಗೆ ಹೆಗಲ ಮೂಳೆ ತಟ್ಟೆಯ ಹಾಗೆ ಇದೆ, ಶ್ವಾಸಕೋಶ ಅದರ ಆಚೆ. ಮೂಳೆಯ ಅಂಚು ಎಲ್ಲಿದೆ ಅಂತ ಎಡಗೈ ಬೆರಳಲ್ಲಿ ಗುರುತಿಟ್ಟುಕೊಂಡು, ಅದರ ಒಳಗೇ ಸೂಜಿ ಇಳಿಸಿದೆ. ಗಂಟು ತಾಗಿದಾಗ ಸೂಜಿಗೆ ರಬ್ಬರ್ ಚುಚ್ಚಿದ ಹಾಗೆ ತಡೆ ಸಿಗುತ್ತದೆ. ಒಂದು ಚೂರು ಹಿಂದೆ ತಂದು ಮತ್ತೆ ಮುಂದೆ ಒತ್ತಿದೆ. ಖಂಡದ ಆ ಎಳೆ ನೀರಿನಿಂದ ತೆಗೆದ ಮೀನಿನ ಹಾಗೆ ಪಟ್ ಅಂತ ಒಮ್ಮೆ ಹಾರಿತು. ಕಣ್ಣಿಗೆ ಕಾಣುವಷ್ಟು. ಅವರು "ಹಾ!" ಅಂದರು. ಇನ್ನೆರಡು ಸಲ ಹಾರಿತು, ಪ್ರತಿಸಲ ಮೊದಲಿಗಿಂತ ಕಡಿಮೆ. ಆಮೇಲೆ ಸುಮ್ಮನಾಯಿತು. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದೆ. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ.

ಆ ಹಾರುವಿಕೆ ಬೆನ್ನುಹುರಿಯ ಮಟ್ಟದಲ್ಲೇ ಆಗುವ ಪ್ರತಿಕ್ರಿಯೆ. ಬಿಸಿ ಪಾತ್ರೆ ಮುಟ್ಟಿದಾಗ ಯೋಚಿಸುವ ಮೊದಲೇ ಕೈ ಹಿಂದೆ ಬರುತ್ತದಲ್ಲ, ಹಾಗೆ. ಆಮೇಲೆ ಬಿಗಿ ಎಳೆ ಸಡಿಲವಾಗುತ್ತದೆ, ಅಲ್ಲಿ ರಕ್ತದ ಓಡಾಟ ಹೆಚ್ಚುತ್ತದೆ, ಬೆನ್ನುಹುರಿ ಮತ್ತು ಮೆದುಳು ತಮ್ಮದೇ ನೋವುನಿವಾರಕಗಳನ್ನು ಬಿಡುತ್ತವೆ ಅನ್ನುವುದು ಸಂಶೋಧಕರ ತಿಳಿವಳಿಕೆ. "ಏನೋ ಮಾಡಿದರು, ಇನ್ನು ವಾಸಿಯಾಗುತ್ತದೆ" ಅನ್ನುವ ನಂಬಿಕೆಯ ಪಾಲೂ ಇದರಲ್ಲಿ ಇದೆ. ಎಳೆ ಹಾರಿದರೆ ಮಾತ್ರ ಗುಣ ಅಂತ ಹಿಂದೆ ಕಲಿಸುತ್ತಿದ್ದರು. ಹಾರದಿದ್ದರೂ ಆರಾಮ ಸಿಗುತ್ತದೆ ಅಂತ ಈಗ ಗೊತ್ತಾಗಿದೆ. ಹಾಗಾಗಿ ಹಾರಿಸಲೇಬೇಕು ಅಂತ ಹತ್ತು ಸಲ ಕುಕ್ಕುವುದು ಬೇಡ. ಅದರಿಂದ ಮರುದಿನದ ನೋವಷ್ಟೇ ಜಾಸ್ತಿ.

ಮರುದಿನ ನೋವು ಇದ್ದೇ ಇರುತ್ತದೆ. ಬಹಳ ದಿನದ ಮೇಲೆ ಗದ್ದೆ ಕೆಲಸ ಮಾಡಿದರೆ ಮೈ ಕೈ ಹಿಡಿಯುವ ಥರದ ನೋವು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಬಿಸಿನೀರಿನ ಶಾಖ ಕೊಡಿ, ಕೈ ಆಡಿಸುತ್ತಿರಿ. ಮಲಗಿಬಿಡಬೇಡಿ.

ಎಷ್ಟು ನಂಬಬಹುದು

ಇಲ್ಲಿ ನಾನು ನೇರವಾಗಿ ಹೇಳಬೇಕು, ಯಾಕೆಂದರೆ ಜಾಹೀರಾತುಗಳು ಹೇಳುವುದಿಲ್ಲ. ಈವರೆಗಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರ ಅಭಿಪ್ರಾಯ ಹೆಚ್ಚುಕಡಿಮೆ ಒಂದೇ. ಏನೂ ಮಾಡದೆ ಇರುವುದಕ್ಕಿಂತ ಅಥವಾ ಚುಚ್ಚಿದಂತೆ ನಟಿಸುವುದಕ್ಕಿಂತ ಡ್ರೈ ನೀಡ್ಲಿಂಗ್‌ನಿಂದ ನೋವು ಕಡಿಮೆಯಾಗುತ್ತದೆ. ಅದು ಕೆಲವು ವಾರಗಳ ಮಟ್ಟಿಗೆ, ಹೆಚ್ಚೆಂದರೆ ಎರಡು ಮೂರು ತಿಂಗಳ ಮಟ್ಟಿಗೆ. ಫಿಸಿಯೋಥೆರಪಿಯ ಬೇರೆ ಚಿಕಿತ್ಸೆಗಳ ಜೊತೆ ಹೋಲಿಸಿದರೆ ವ್ಯತ್ಯಾಸ ಸಣ್ಣದು. ಆರು ತಿಂಗಳು, ಒಂದು ವರ್ಷದ ಮಾತು ಬಂದರೆ ಹೇಳಿಕೊಳ್ಳುವಂಥ ಲಾಭ ಕಾಣುವುದಿಲ್ಲ. ಅಧ್ಯಯನಗಳ ಗುಣಮಟ್ಟವೂ ಸಾಧಾರಣ. ಸೂಜಿ ಚುಚ್ಚುವವರಿಗೆ ತಾವು ನಿಜವಾಗಿ ಚುಚ್ಚುತ್ತಿದ್ದೇವೋ ಇಲ್ಲವೋ ಗೊತ್ತೇ ಇರುತ್ತದೆ, ಅದನ್ನು ಮುಚ್ಚಿಡಲು ಆಗುವುದಿಲ್ಲ.

ಹಾಗಾದರೆ ಯಾಕೆ ಮಾಡುವುದು? ನೋವಿರುವವರ ಕೈಯಲ್ಲಿ ವ್ಯಾಯಾಮ ಮಾಡಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕೈ ಎತ್ತಿದರೆ ಜೀವ ಹೋಗುತ್ತದೆ ಅನ್ನುವವರಿಗೆ "ದಿನಾ ಮೂವತ್ತು ಸಲ ಎತ್ತಿ" ಅಂದರೆ ಎತ್ತುತ್ತಾರಾ? ಸೂಜಿ ಆ ನೋವನ್ನು ಕೆಲವು ದಿನ ಇಳಿಸಿ ಕೊಡುತ್ತದೆ. ಆ ದಿನಗಳಲ್ಲಿ ಖಂಡವನ್ನು ಹಿಗ್ಗಿಸಬೇಕು, ಬಲಪಡಿಸಬೇಕು, ನೋವು ತಂದ ಭಂಗಿಯನ್ನು ಬದಲಾಯಿಸಬೇಕು. ಮಾಡದಿದ್ದರೆ ಗಂಟು ಮತ್ತೆ ಬೀಳುತ್ತದೆ, ಅದೇ ಜಾಗದಲ್ಲಿ. ವ್ಯಾಯಾಮ ಹೇಳಿಕೊಡದೆ ವಾರಕ್ಕೆ ಎರಡರಂತೆ ಸೂಜಿಯ ಪ್ಯಾಕೇಜ್ ಮಾರುವವರು ಸಿಕ್ಕರೆ ದಯವಿಟ್ಟು ಎದ್ದು ಬನ್ನಿ.

ಅಪಾಯ ಎಲ್ಲಿದೆ

ಐರ್ಲೆಂಡ್‌ನಲ್ಲಿ 39 ಫಿಸಿಯೋಥೆರಪಿಸ್ಟ್‌ಗಳು ಮಾಡಿದ 7,629 ಚಿಕಿತ್ಸೆಗಳ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದರು. ಚರ್ಮ ನೀಲಿಗಟ್ಟಿದ್ದು ಶೇ 7.55, ರಕ್ತ ಜಿನುಗಿದ್ದು ಶೇ 4.65. ದೊಡ್ಡ ಅನಾಹುತ ಒಂದೂ ಇರಲಿಲ್ಲ. ತರಬೇತಿ ಪಡೆದವರ ಕೈಯಲ್ಲಿ ಇದು ಸುರಕ್ಷಿತ ಅನ್ನಲು ಇದು ಸಾಕು. ಆದರೆ ಅಪರೂಪದ ಅನಾಹುತ ಇಷ್ಟು ಸಣ್ಣ ಲೆಕ್ಕದಲ್ಲಿ ಸಿಗುವುದಿಲ್ಲ.

ಆ ಅಪರೂಪದ ಅನಾಹುತ ಅಂದರೆ ಶ್ವಾಸಕೋಶಕ್ಕೆ ಸೂಜಿ ತಾಗುವುದು. ಭುಜದ ಮೇಲ್ಭಾಗ, ಎದೆ, ಪಕ್ಕೆಲುಬಿನ ನಡುವೆ, ಮೇಲ್ಬೆನ್ನಿನಲ್ಲಿ ಶ್ವಾಸಕೋಶ ನೀವು ಅಂದುಕೊಂಡಿದ್ದಕ್ಕಿಂತ ಹತ್ತಿರ ಇದೆ. ತೂತು ಬಿದ್ದರೆ ಗಾಳಿ ಎದೆಗೂಡಿನೊಳಗೆ ಸೋರಿ ಶ್ವಾಸಕೋಶ ಕುಗ್ಗುತ್ತದೆ. ಅಮೆರಿಕದ ಫ್ರೀಸ್ಟೈಲ್ ಸ್ಕೀಯರ್ ಟೋರಿನ್ ಯೇಟರ್-ವಾಲೇಸ್ ಅವರಿಗೆ 2013ರಲ್ಲಿ, ಸೋಚಿ ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು, ಸೂಜಿ ಚಿಕಿತ್ಸೆಯಿಂದ ಹೀಗೇ ಆಗಿತ್ತು. ಮೇಲ್ಬೆನ್ನು ಅಥವಾ ಭುಜಕ್ಕೆ ಸೂಜಿ ಹಾಕಿಸಿಕೊಂಡ ಮೇಲೆ ಆ ದಿನವೋ ಮರುದಿನವೋ ಉಸಿರು ಕಟ್ಟಿದರೆ, ಎದೆಯಲ್ಲಿ ಚುಚ್ಚಿದಂತಾದರೆ, ಒಣ ಕೆಮ್ಮು ಶುರುವಾದರೆ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿಕೊಂಡ ವಿಷಯವನ್ನು ಮೊದಲ ಮಾತಿನಲ್ಲೇ ಹೇಳಿ, ಎಕ್ಸ್‌ರೇ ತೆಗೆಸಿ.

ತಲೆಸುತ್ತು ಬರುವುದು ಇದಕ್ಕಿಂತ ಸಾಮಾನ್ಯ. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೇ ಒಬ್ಬ ಹುಡುಗನಿಗೆ ಸ್ಟೂಲ್ ಮೇಲೆ ಕೂತಿದ್ದಾಗಲೇ ಕತ್ತಿನ ಖಂಡಕ್ಕೆ ಸೂಜಿ ಹಾಕಿದ್ದೆ. ಜಿಮ್‌ಗೆ ಹೋಗುವ ಗಟ್ಟಿಮುಟ್ಟಾದ ಹುಡುಗ, ಏನಾಗುತ್ತದೆ ಅಂದುಕೊಂಡೆ. ಮುಖ ಬಿಳುಚಿತು, ಹಣೆಯಲ್ಲಿ ಬೆವರು ಮೂಡಿತು, ಹಾಗೇ ಮುಂದಕ್ಕೆ ವಾಲಿದ. ಹಿಡಿದುಕೊಂಡು ಕೆಳಗೆ ಮಲಗಿಸಿ ಕಾಲು ಎತ್ತಿದ ಮೇಲೆ ಒಂದೆರಡು ನಿಮಿಷದಲ್ಲಿ ಸರಿಹೋದ. ತಪ್ಪು ನನ್ನದೇ. ಅವತ್ತಿನಿಂದ ಯಾರಿಗೇ ಆಗಲಿ ಮಲಗಿಸದೆ ಸೂಜಿ ಮುಟ್ಟಿಲ್ಲ. ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀರಾ ಅಂತ ಕೇಳದೆಯೂ ಇರುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿರುವವರು ಅದನ್ನು ಮೊದಲೇ ಹೇಳಬೇಕು. ಕೆಲವರು ಸೂಜಿಗೆ ಕರೆಂಟ್ ಕೂಡ ಕೊಡುತ್ತಾರೆ. ಪೇಸ್‌ಮೇಕರ್ ಇದ್ದವರಿಗೆ ಅದು ಬೇಡ. ಸ್ತನದ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳಿನ ಗ್ರಂಥಿ ತೆಗೆಸಿಕೊಂಡು ಕೈ ಊದಿಕೊಂಡಿರುವವರಿಗೆ ಆ ಕೈಗೆ ಚುಚ್ಚುವುದು ಬೇಡ. ಸೂಜಿ ಕಂಡರೆ ಜೀವ ನಡುಗುವವರಿಗೂ ಬಲವಂತ ಬೇಡ, ಅವರಿಗೆ ಬೆರಳಿನ ಒತ್ತಡ, ಶಾಖ, ವ್ಯಾಯಾಮ ಇದ್ದೇ ಇವೆ. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕೈಕಾಲಲ್ಲಿ ಬಲ ಹೋಗುವುದು, ಮೂತ್ರ ಹಿಡಿತ ತಪ್ಪುವುದು ಇದ್ದರೆ ಅದು ಮಾಂಸಖಂಡದ ಗಂಟಿನ ಕಥೆ ಅಲ್ಲ. ಮೊದಲು ಡಾಕ್ಟರ ಹತ್ತಿರ ಹೋಗಿ.

ಕರ್ನಾಟಕದಲ್ಲಿ ಫಿಸಿಯೋಥೆರಪಿ ಪದವಿ ಅಂದರೆ ನಾಲ್ಕು ವರ್ಷದ ಓದು, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್ ಅನ್ನುವ ಕ್ರಮದಲ್ಲಿ ಬಂದವರೇ ಈಗ ಹೆಚ್ಚು. ಡ್ರೈ ನೀಡ್ಲಿಂಗ್ ಅನ್ನು ಬಹಳಷ್ಟು ಮಂದಿ ಕಲಿಯುವುದು ಆಮೇಲೆ, ಎರಡು ಮೂರು ದಿನದ ಕಾರ್ಯಾಗಾರಗಳಲ್ಲಿ. ಅಷ್ಟರಲ್ಲಿ ಸೂಜಿ ಹಿಡಿಯಲು ಬರುತ್ತದೆ, ಕೈ ಪಳಗಲು ವರ್ಷಗಳು ಬೇಕು. ಹಾಗಾಗಿ ಕೇಳಲು ಸಂಕೋಚ ಬೇಡ. ಎಲ್ಲಿ ಕಲಿತಿರಿ, ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ, ಈ ಜಾಗದ ಕೆಳಗೆ ಏನಿದೆ? ಸರಿಯಾಗಿ ಕಲಿತವರು ಬೇಸರ ಮಾಡಿಕೊಳ್ಳದೆ ಹೇಳುತ್ತಾರೆ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಬಳಸಿದ ಸೂಜಿ ನೇರ ಡಬ್ಬಕ್ಕೆ ಹೋಗಬೇಕು. "ನಿಮ್ಮದೇ ಸೂಜಿ, ಮುಂದಿನ ಸಲಕ್ಕೆ ಎತ್ತಿಡ್ತೀನಿ" ಅಂದರೆ ಒಪ್ಪಬೇಡಿ.

ಅಡಿಕೆ ಸುಲಿಯುವ ಆ ಹೆಂಗಸಿಗೆ ಎರಡು ಸಲ ಸೂಜಿ ಹಾಕಿದೆ, ಒಂದು ವಾರದ ಅಂತರದಲ್ಲಿ. ಮನೆಯಲ್ಲಿ ಒಂದು ಲೀಟರ್ ನೀರಿನ ಬಾಟಲಿ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿಕೊಂಡು, ಮಗ್ಗುಲಾಗಿ ಮಲಗಿ ಮಾಡುವ ವ್ಯಾಯಾಮ ಹೇಳಿಕೊಟ್ಟೆ. ಮೆಟ್ಟುಗತ್ತಿಯ ಎದುರು ಮಣೆ ಸ್ವಲ್ಪ ಎತ್ತರ ಮಾಡಿಕೊಂಡರೆ ಭುಜ ಕಿವಿಗೆ ಏರುವುದಿಲ್ಲ ಅಂದೆ. ಮೂರನೇ ವಾರ ಬಂದಾಗ ಹೆಗಲ ಮೂಳೆಯ ಮೇಲೆ ಮತ್ತೆ ಬೆರಳಿಟ್ಟೆ. ಗಂಟು ಇತ್ತು. ಒತ್ತಿದರೆ ಅಲ್ಲೇ ನೋಯುತ್ತಿತ್ತು, ಕೈಗೆ ಇಳಿಯುತ್ತಿರಲಿಲ್ಲ. "ಇವತ್ತು ಸೂಜಿ ಹಾಕಲ್ವಾ?" ಅಂತ ಕೇಳಿದರು. ಬೇಡ ಅಂದೆ. ಚೀಲದಿಂದ ಅರ್ಧ ನೀರಿದ್ದ ಬಾಟಲಿ ತೆಗೆದು, ವ್ಯಾಯಾಮ ಸರಿ ಮಾಡ್ತಿದ್ದೀನಾ ನೋಡಿ ಅಂತ ಮಂಚದ ಮೇಲೆ ಮಗ್ಗುಲಾದರು.